ಗಂಟೆ ಒತ್ತಿದರೆ ಬರುವವರು

ಪಂಪಣ್ಣ ಕೈಬೀಸಿಕೊಂಡು ಬಂದಿದ್ದರೆ ನಾಗಲಕ್ಷ್ಮಿಗೆ ಯಾವ ಅನುಮಾನವೂ ಬರುತ್ತಿರಲಿಲ್ಲ. ಗಂಡನ ಅಣ್ಣ ಸಿರುಗುಪ್ಪದಿಂದ ಬಳ್ಳಾರಿಗೆ ಬಂದಾಗಲೆಲ್ಲ ಹಾಗೇ ಬರುತ್ತಿದ್ದ. ಉಂಡು, ತಾಯಿಯ ಮಂಚದ ಪಕ್ಕ ಸ್ವಲ್ಪ ಹೊತ್ತು ಕೂತು, ಬಸ್ಸಿನ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದ. ಈ ಸಲ ಆಟೋದಿಂದ ಒಂದು ಚೀಲ ಸೋನಾ ಮಸೂರಿ ಇಳಿಸಿದ. ಚೀಲದ ಹಿಂದೆ ಹಣ್ಣಿನ ಬುಟ್ಟಿ, ಬುಟ್ಟಿಯ ಹಿಂದೆ ಸಿಹಿಯ ಡಬ್ಬಿ. ದೇಶನೂರಿನ ಗದ್ದೆ ಅತ್ತೆಯ ಹೆಸರಿನಲ್ಲಿದೆ. ಇಷ್ಟು ವರ್ಷ ಅದನ್ನು ಮಾಡಿಕೊಂಡು ಉಂಡವನು ಒಂದು ಹಿಡಿ ಅಕ್ಕಿಯನ್ನಾದರೂ ತಂದುಕೊಟ್ಟದ್ದು ನಾಗಲಕ್ಷ್ಮಿಗೆ ನೆನಪಿಲ್ಲ.

ಮಧ್ಯಾಹ್ನದ ಊಟದ ಹೊತ್ತು. ಕೌಲ್ ಬಜಾರಿನ ಆ ಉದ್ದನೆಯ ಮನೆಯಲ್ಲಿ ಪಡಸಾಲೆಯೇ ಖಾನಾವಳಿ. ಹಿಂದಿನ ಬೀದಿಯಲ್ಲಿ ಜೀನ್ಸ್ ಹೊಲಿಯುವ ಹುಡುಗರು ಸಾಲಾಗಿ ಕೂತು ರೊಟ್ಟಿ ಮುರಿಯುತ್ತಿದ್ದರು. ನಾಗಲಕ್ಷ್ಮಿ ಪುಂಡಿಪಲ್ಯದ ಪಾತ್ರೆ ಹಿಡಿದು ಓಡಾಡುತ್ತಿದ್ದಳು.

"ಅವಸರ ಇಲ್ಲ ತಂಗಿ. ನಿನ್ನ ಗಿರಾಕಿಗೆ ಮೊದಲು ನೀಡು," ಎಂದ ಪಂಪಣ್ಣ.

ಇದೂ ಹೊಸದು. ಹಸಿದರೆ ತಾಳುವ ಮನುಷ್ಯನಲ್ಲ ಅವನು.

ಹುಡುಗರು ಎದ್ದು ಹೋದ ಮೇಲೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಾಗಲಕ್ಷ್ಮಿಯ ಗಂಡ ತಿಪ್ಪೇಸ್ವಾಮಿ ಅಣ್ಣನ ಜೊತೆ ಊಟಕ್ಕೆ ಕೂತ. ಎರಡನೆಯ ರೊಟ್ಟಿ ಮುಗಿಯುವಾಗ ಪಂಪಣ್ಣ ಅಂಗಿಯ ಜೇಬಿನಿಂದ ಮಿರುಗುವ ಕಾಗದವೊಂದನ್ನು ತೆಗೆದು ನೆಲದ ಮೇಲೆ ಬಿಡಿಸಿಟ್ಟ. ಹಸಿರು ಹುಲ್ಲು, ಬಿಳಿ ಕಟ್ಟಡ, ನಗುತ್ತಿರುವ ಮುದುಕಿ.

"ಕುರುಗೋಡು ರಸ್ತ್ಯಾಗ ಹೊಸದಾಗಿ ಮಾಡ್ಯಾರ. 'ಸಂಜೆಬೆಳಕು' ಅಂತ. ವೃದ್ಧಾಶ್ರಮ ಅಲ್ಲ ಮತ್ತ, ಹಂಗ ಅನಬ್ಯಾಡ್ರಿ. ಒಬ್ಬೊಬ್ರಿಗೆ ಒಂದೊಂದು ಖೋಲಿ, ಖೋಲಿಗೇ ಹತ್ತಿ ಬಚ್ಚಲ. ಗಂಟಿ ಒತ್ತಿದ್ರ ಆಯಾ ಓಡಿ ಬರ್ತಾಳ. ನರ್ಸ್ ಅಲ್ಲೇ ಇರ್ತಾಳ. ಅವ್ವನ್ನ ಅಲ್ಲಿ ಇಟ್ರ ಹೆಂಗ?"

ತಿಪ್ಪೇಸ್ವಾಮಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಎಷ್ಟು ಕೇಳ್ತಾರ?"

"ತಿಂಗಳಿಗೆ ಹದಿನೆಂಟು ಸಾವಿರ. ಮೊದಲಿಗೆ ಒಂದು ಲಕ್ಷ ಡಿಪಾಜಿಟ್ಟು."

"ಅಷ್ಟು ನನ್ನ ಕೈಲಿ ಎಲ್ಲಿ ಆಗತೈತಿ ಅಣ್ಣ?"

"ನಿನ್ನ ಯಾರು ಕೇಳಿದ್ರು? ಪೂರಾ ನಾ ಕೊಡ್ತೀನಿ."

ಮಜ್ಜಿಗೆ ಹಾಕುತ್ತಿದ್ದ ನಾಗಲಕ್ಷ್ಮಿ ಭಾವನ ಮುಖ ನೋಡಿದಳು. ಅವನು ಅವಳ ಕಣ್ಣು ತಪ್ಪಿಸಿ ಉಪ್ಪಿನಕಾಯಿ ಕೇಳಿದ.

ಬೀದಿಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಅತ್ತೆ ಸಾವಂತ್ರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೋದ ವರ್ಷ ಜಾರಿ ಬಿದ್ದು ಸೊಂಟದ ಆಪರೇಷನ್ ಆದಾಗಿನಿಂದ ಆ ಕೋಣೆಯೇ ಅವಳದು. ಅಲ್ಲಿಗೆ ಮೆಟ್ಟಿಲಿಲ್ಲ, ವಾಕರ್ ಹಿಡಿದು ಓಡಾಡಬಹುದು. ಅವಳಿಗೆ ಈ ಮಾತೆಲ್ಲ ಕೇಳಿಸಿರಬೇಕು. ಹೊರಳಿ ನೋಡಲಿಲ್ಲ.

ಅಣ್ಣನನ್ನು ಬಸ್ಸು ಹತ್ತಿಸಿ ತಿಪ್ಪೇಸ್ವಾಮಿ ಮರಳಿದ ಕೂಡಲೇ ನಾಗಲಕ್ಷ್ಮಿ ಶುರು ಮಾಡಿದಳು.

"ಏನ್ರಿ ಇದು? ಆಸ್ಪತ್ರಿ ಬಿಲ್ಲಿನಾಗ ಅರ್ಧ ಕೊಡಾಕ ಅತ್ತ ಭಾವ ಈಗ ಲಕ್ಷ ಲಕ್ಷ ಸುರೀತಾರಂದ್ರ ನೀವು ನಂಬ್ತೀರೇನು?"

"ಅವ್ವ ಅಲ್ಲೇನು ಅವನಿಗೂ? ಕರಳು ಚುರ್ ಅಂದಿರಬೇಕು."

"ಇಷ್ಟು ದಿನ ಅನ್ನದ್ದು ಈಗ ಅಂತೇನು? ಗದ್ದಿ ಅತ್ತಿ ಹೆಸರಿನಾಗ ಐತಿ. ಇಲ್ಲಿದ್ರ ನಮ್ಮ ಕಣ್ಣ ಮುಂದ ಇರ್ತಾರ. ಅಲ್ಲಿಗೆ ಒಯ್ದು ಇಟ್ರ ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿಸಿಕೊಂಡ್ರೂ ಯಾರಿಗೆ ಗೊತ್ತಾಗತೈತಿ?"

"ಅಣ್ಣ ಹಂಗ ಮಾಡೋನಲ್ಲ."

"ಹಂಗಾರ ರೊಕ್ಕ ಯಾಕ ಕೊಡ್ತಾರ, ಹೇಳ್ರಿ."

ಮಗಳು ಶಶಿರೇಖಾ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆಗ ತಾನೇ ಬಂದು, ಚಪ್ಪಲಿ ಬಿಡುತ್ತಲೇ ಆ ಕಾಗದ ಎತ್ತಿಕೊಂಡು ಓದಿದಳು.

"ಅಮ್ಮ, ದೊಡ್ಡಪ್ಪನ ವಿಷಯ ಆಮೇಲೆ. ಹದಿನೆಂಟು ಬರೀ ಖೋಲಿಗೆ, ಊಟಕ್ಕ. ಕೈಹಿಡಿದು ನಡಸೋರು ಬೇಕಂದ್ರ ಬ್ಯಾರೆ ರೊಕ್ಕ. ವ್ಯಾಯಾಮ ಮಾಡಸೋರಿಗೆ ಬ್ಯಾರೆ. ಔಷಧಿ ಬ್ಯಾರೆ. ಅಜ್ಜಿಗೆ ಇಪ್ಪತ್ತೈದಕ್ಕ ಕಡಿಮಿ ಆಗಂಗಿಲ್ಲ."

"ಕೇಳಿದ್ರೇನು?" ಎಂದು ನಾಗಲಕ್ಷ್ಮಿ ಗಂಡನ ಕಡೆ ತಿರುಗಿದಳು.

"ಆದ್ರ ಜಾಗ ಚಲೋ ಇದ್ರೂ ಇರಬಹುದು," ಎಂದಳು ಶಶಿರೇಖಾ. "ನೋಡದ ಬ್ಯಾಡ ಅನ್ನೋದು ಯಾಕ?"

"ನೀನೂ ಅಜ್ಜೀನ ಹೊರಗ ಹಾಕಾಕ ನಿಂತೀಯೇನು?"

"ನಾ ಹಂಗ ಅಂದ್ನೇನು?" ಹುಡುಗಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಆದಿತ್ಯವಾರ ಪಂಪಣ್ಣ ಕಾರು ಮಾಡಿಕೊಂಡು ಬಂದ. ಹೆಂಡತಿ ದುರ್ಗಾದೇವಿ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ತಿಪ್ಪೇಸ್ವಾಮಿಗೆ ಡ್ಯೂಟಿ ಇತ್ತು. ಸಾವಂತ್ರಮ್ಮ ಬೇಗನೆ ತಲೆ ಬಾಚಿಕೊಂಡು, ಯಾರೂ ಕೇಳುವ ಮೊದಲೇ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಇಷ್ಟು ಸರಾಗವಾಗಿ ಹೊರಟದ್ದು ನಾಗಲಕ್ಷ್ಮಿಗೆ ಸರಿಕಾಣಲಿಲ್ಲ. ಭಾವ ಏನೋ ತಲೆ ತುಂಬಿದ್ದಾನೆ ಎಂದುಕೊಂಡಳು.

ಬಂಡೆಗಳ ಗುಡ್ಡದ ಕೆಳಗೆ, ಹತ್ತಿಹೊಲದ ಅಂಚಿಗೆ ಬಿಳಿ ಕಟ್ಟಡ. ಮ್ಯಾನೇಜರ್ ಸಿದ್ದಲಿಂಗೇಶ್ ಗೇಟಿನವರೆಗೂ ಬಂದು ಸಾವಂತ್ರಮ್ಮನಿಗೆ ಕೈಮುಗಿದ. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಎಲ್ಲರಿಗೂ ಹೋಳಿಗೆ, ತುಪ್ಪ. ಮುದುಕರ ಮಕ್ಕಳು, ಮೊಮ್ಮಕ್ಕಳು ಅಲ್ಲಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ದಿನಾ ಹೋಳಿಗಿ ಮಾಡ್ತೀರೇನ್ರಿ?" ಎಂದು ನಾಗಲಕ್ಷ್ಮಿ ಕೇಳಿದಳು.

"ವಿಶೇಷ ದಿನ ಮಾಡ್ತೀವಿ ಮೇಡಂ."

"ಇವತ್ತು ಏನು ವಿಶೇಷ?"

ಸಿದ್ದಲಿಂಗೇಶ್ ನಕ್ಕ. ದುರ್ಗಾದೇವಿ ನಾಗಲಕ್ಷ್ಮಿಯ ಮೊಣಕೈ ತಿವಿದಳು. "ತಕರಾರು ಮಾಡಾಕ ಬಂದೀಯೇನು? ಸುಮ್ನ ತಿನ್ನು."

ಸಾವಂತ್ರಮ್ಮ ಹೋಳಿಗೆಯ ಕಡೆ ನೋಡಲೇ ಇಲ್ಲ. ಖಾಲಿ ಖೋಲಿಯೊಂದನ್ನು ತೋರಿಸಿದಾಗ ನೇರವಾಗಿ ಬಚ್ಚಲಿಗೆ ಹೋದಳು. ಗೋಡೆಗೆ ಹಾಕಿದ ಉಕ್ಕಿನ ಹಿಡಿ ಹಿಡಿದು ಎಳೆದು ನೋಡಿದಳು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗೇ ಇದ್ದಳು. ಹೊರಬಂದು ಮಂಚದ ತಲೆದಿಸೆಯ ಗುಂಡಿ ಒತ್ತಿದಳು. ಗಂಟೆಯ ಸದ್ದು ಅಡಗುವ ಮೊದಲೇ ನೀಲಿ ಸೀರೆಯ ಆಯಾ ಬಾಗಿಲಲ್ಲಿದ್ದಳು.

"ಏನ್ ಬೇಕಜ್ಜಿ?"

"ಏನಿಲ್ಲವ್ವ. ಬರ್ತೀಯೋ ಇಲ್ಲೋ ನೋಡಿದೆ."

ಪಂಪಣ್ಣ ಗೆದ್ದವನಂತೆ ನಾಗಲಕ್ಷ್ಮಿಯನ್ನು ನೋಡಿದ. ಆ ಆಯಾ ಅಷ್ಟು ಹೊತ್ತೂ ಹೊರಗಿನ ಗೋಡೆಗೆ ಒರಗಿ ನಿಂತೇ ಇದ್ದುದನ್ನು ನಾಗಲಕ್ಷ್ಮಿ ಕಿಟಕಿಯಿಂದ ಕಂಡಿದ್ದಳು. ಅಲ್ಲಿ ಅದನ್ನು ಆಡಲಿಲ್ಲ.

ಮುಂದಿನ ಎರಡು ಮೂರು ವಾರ ಮನೆಯಲ್ಲಿ ಯಾರ ಮಾತೂ ನೆಟ್ಟಗಿರಲಿಲ್ಲ. ಪಂಪಣ್ಣ ದಿನ ಬಿಟ್ಟು ದಿನ ಫೋನ್ ಮಾಡಿ, ಖೋಲಿ ತುಂಬಿ ಹೋಗುತ್ತವೆ, ಬೇಗ ಹೇಳಿ ಎನ್ನುತ್ತಿದ್ದ. ಅವನು ಅವಸರ ಮಾಡಿದಷ್ಟೂ ನಾಗಲಕ್ಷ್ಮಿಗೆ ಗದ್ದೆಯ ಚಿಂತೆ ಹೆಚ್ಚುತ್ತಿತ್ತು. ಪಕ್ಕದ ಮನೆಯ ಮೂಕಮ್ಮ ಕಟ್ಟೆಯ ಮೇಲೆ ಕೂತು, "ಅತ್ತೀನ ಎಲ್ಲೋ ಬಿಟ್ಟು ಬರ್ತೀರಂತಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಈ ಮಾತು ದುರ್ಗಾದೇವಿಯ ಬಾಯಿಂದಲೇ ಹೊರಬಿದ್ದಿದೆ ಎಂದು ನಾಗಲಕ್ಷ್ಮಿ ಖಾತ್ರಿ ಮಾಡಿಕೊಂಡಳು. ಹೆಸರು ಕೆಡುವುದು ಸೊಸೆಯದು, ಮಗನದಲ್ಲ.

ಇದರ ನಡುವೆ ಸಾವಂತ್ರಮ್ಮ ಊಟ ಕಡಿಮೆ ಮಾಡಿದಳು. ರಾತ್ರಿ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸುತ್ತಿದ್ದಳು. ಚೊಂಬಿನ ನೀರು ಹಾಗೇ ಉಳಿಯುತ್ತಿತ್ತು.

"ಯಾಕ ಅತ್ತಿ, ಪಲ್ಯಾ ಸೇರಲಿಲ್ಲೇನು?"

"ಸೇರತೈತಿ. ಹಸಿವಿಲ್ಲ."

"ದೊಡ್ಡ ಮಗ ಬಂದು ಹೋದಾಗಿಂದ ಹಸಿವು ಹೋಗೈತಿ ನಿಮಗ."

ಸಾವಂತ್ರಮ್ಮ ಕಣ್ಣು ಮುಚ್ಚಿದಳು. ತನ್ನ ಕೈಯಡುಗೆಯನ್ನೇ ಅತ್ತೆ ದೂರ ಮಾಡುತ್ತಿದ್ದಾಳೆ ಎಂದು ನಾಗಲಕ್ಷ್ಮಿಯ ಎದೆ ಉರಿಯಿತು. ನಲವತ್ತು ಮಂದಿ ಚಪ್ಪರಿಸಿ ಉಣ್ಣುವ ಅಡುಗೆ, ಮನೆಯವಳಿಗೆ ಬೇಡ.

ಕುರುಗೋಡು ನಾಗಲಕ್ಷ್ಮಿಯ ತವರು. ತಮ್ಮನ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಒಂದು ಬುಧವಾರ ಹೋದವಳು, ತಿರುಗಿ ಬರುವಾಗ ಯಾರಿಗೂ ಹೇಳದೆ ಸಂಜೆಬೆಳಕಿನ ಮುಂದೆ ಬಸ್ಸಿಳಿದಳು.

ಗೇಟಿನಲ್ಲಿ ಯಾರೂ ಇರಲಿಲ್ಲ. ನೆಲ ಆವತ್ತಿನಷ್ಟೇ ಸ್ವಚ್ಛವಾಗಿತ್ತು, ಅದನ್ನು ಅವಳು ಒಪ್ಪಿಕೊಳ್ಳಲೇಬೇಕಾಯಿತು. ಊಟದ ಮನೆಯಲ್ಲಿ ಅನ್ನ, ತಳ ಕಾಣುವಂಥ ಸಾರು. ಗೋಡೆಯ ಮೇಲಿನ ಹಲಗೆಯಲ್ಲಿ ಕೆಂಪು ದೀಪವೊಂದು ಮಿನುಗುತ್ತ ಗಂಟೆ ಬಡಿದುಕೊಳ್ಳುತ್ತಿತ್ತು. ಯಾರೂ ಅತ್ತ ಹೋಗಲಿಲ್ಲ. ಅಷ್ಟು ದೊಡ್ಡ ಮನೆಗೆ ಇಬ್ಬರೇ ಆಯಾಗಳು. ಒಬ್ಬಳು ಕೈ ಬಾರದ ಮುದುಕನಿಗೆ ಉಣಿಸುತ್ತಿದ್ದಳು. ಇನ್ನೊಬ್ಬಳು ಹಾಸಿಗೆ ಬದಲಾಯಿಸುತ್ತಿದ್ದಳು. ಅವರು ಸುಮ್ಮನೆ ಕೂತಿದ್ದರೆ ಬೈಯಬಹುದಿತ್ತು. ಇಬ್ಬರೂ ಬೆವರುತ್ತಿದ್ದರು.

ಜಗಲಿಯ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಚಿದಾನಂದಪ್ಪ ಅಂತ ಅವರ ಹೆಸರು. ಸಿರುಗುಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು.

"ಯಾರನ್ನ ಸೇರಸಾಕ ಬಂದೀಯವ್ವ?"

"ನಮ್ಮ ಅತ್ತೀನ್ರಿ. ಇನ್ನೂ ನೋಡಾಕ್ಹತ್ತೀವಿ. ಆ ಗಂಟಿ ಎಷ್ಟೊತ್ತಿಂದ ಬಡಕೊಳ್ಳಾಕ್ಹತ್ತೈತ್ರಿ?"

"ನಾ ಈ ಹಾಳಿ ಪೂರಾ ಓದೀನಿ, ಆವಾಗಿಂದ. ಆದಿತ್ಯವಾರ ಬಾ, ಆರು ಮಂದಿ ಆಯಾ ಇರ್ತಾರ."

"ಮತ್ತ ನೀವ್ಯಾಕ ಇಲ್ಲಿ ಇದೀರಿ?"

ಅವರು ಪತ್ರಿಕೆ ಮಡಚಿದರು. "ಮಗನ ಮನ್ಯಾಗೂ ಕಾಯ್ತಿದ್ದೆ ತಾಯಿ. ಇಲ್ಲೂ ಕಾಯ್ತೀನಿ. ಇಲ್ಲಿ ಕಾದು ಕಾದು ಸಿಟ್ಟು ಬಂದ್ರ ಆಫೀಸಿಗೆ ಹೋಗಿ ಜೋರು ಮಾಡ್ತೀನಿ. ಮಗನ ಮನ್ಯಾಗ ಯಾರಿಗೆ ಜೋರು ಮಾಡ್ಲಿ?"

ಆ ಮಾತು ನಾಗಲಕ್ಷ್ಮಿಯ ತಲೆಗೆ ಅಷ್ಟಾಗಿ ಹೋಗಲಿಲ್ಲ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಅಷ್ಟರಲ್ಲಿ ಸಿದ್ದಲಿಂಗೇಶ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. "ಮೇಡಂ, ಫೋನ್ ಮಾಡಿ ಬರಬೇಕಿತ್ತು. ಇವತ್ತು ನಮ್ಮ ಹುಡುಗ್ಯಾರು ರಜಾ ಹಾಕ್ಯಾರ."

"ಅದಕ್ಕ ಫೋನ್ ಮಾಡಲಿಲ್ಲ," ಎಂದು ಹೇಳಿ ಅವಳು ಬಸ್ಸು ಹಿಡಿದಳು.

ಮುಂದಿನ ಸಲ ಪಂಪಣ್ಣ, ದುರ್ಗಾದೇವಿ ಡಿಪಾಜಿಟ್ಟಿನ ಹಣದ ಸಮೇತ ಬಂದರು. ನಾಗಲಕ್ಷ್ಮಿ ಖಾನಾವಳಿಯ ಬಾಗಿಲು ಎಳೆದು, ಎಲ್ಲರನ್ನೂ ಪಡಸಾಲೆಯಲ್ಲೇ ಕೂರಿಸಿ ಕಂಡದ್ದೆಲ್ಲ ಹೇಳಿದಳು. ಗಂಟೆ, ಸಾರು, ಇಬ್ಬರು ಆಯಾಗಳು.

"ಕದ್ದು ಹೋಗಿ ನೋಡಿದೇನು?" ದುರ್ಗಾದೇವಿ ಹುಬ್ಬೇರಿಸಿದಳು.

"ಹೌದಕ್ಕ. ಹೇಳಿ ಹೋಗಿದ್ರ ಹೋಳಿಗಿ ತಿನಿಸ್ತಿದ್ರು."

"ಹಂಗಾರ ನಿನ್ನ ಪ್ರಕಾರ ಏನು ಮಾಡಬೇಕು?" ಎಂದ ಪಂಪಣ್ಣ.

ನಾಗಲಕ್ಷ್ಮಿ ಇದನ್ನು ಅಡುಗೆ ಮಾಡುತ್ತ, ಪಾತ್ರೆ ತಿಕ್ಕುತ್ತ, ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. "ಅವರಿಗೆ ಕೊಡೋದ್ರಾಗ ಅರ್ಧ ಇಲ್ಲಿ ಕೊಡ್ರಿ ಭಾವ. ಹಗಲೆಲ್ಲ ಅತ್ತಿ ಹತ್ರ ಇರಾಕ ನಮ್ಮ ಓಣಿ ಎಲ್ಲಮ್ಮ ಬರ್ತಾಳ, ಕೇಳೀನಿ. ನಾ ರಾತ್ರಿ ಊಟದ ಗಿರಾಕಿ ಬಿಡ್ತೀನಿ. ಬಿಟ್ಟದ್ದಕ್ಕ ನನಗೂ ಸ್ವಲ್ಪ ಬೇಕು. ಅತ್ತಿ ಇಲ್ಲೇ ಇರ್ಲಿ."

ತಿಪ್ಪೇಸ್ವಾಮಿ ನೆಲ ನೋಡುತ್ತಿದ್ದ. ಇಷ್ಟು ದಿನ ತಾನು ಪಂಪಣ್ಣನನ್ನು ನೋಡುತ್ತಿದ್ದ ಕಣ್ಣಿನಲ್ಲೇ ಈಗ ಎಲ್ಲರೂ ತನ್ನನ್ನು ನೋಡುತ್ತಿರುವುದು ನಾಗಲಕ್ಷ್ಮಿಗೆ ತಿಳಿಯಿತು.

"ಅತ್ತಿ ಸೇವಾ ಮಾಡಾಕ ಪಗಾರ ಕೇಳ್ತೀಯಲ್ಲ," ಎಂದಳು ದುರ್ಗಾದೇವಿ ಮೆಲ್ಲಗೆ. "ಇದಕ್ಕೇನು ಆ ಜಾಗಕ್ಕ ಹೆಸರಿಟ್ಟದ್ದು?"

"ಅವರು ಕೇಳಿದ್ರ ಫೀ, ನಾ ಕೇಳಿದ್ರ ಪಗಾರೇನು? ಆಪರೇಷನ್ ಆದಾಗಿಂದ ಹೇಲು ಉಚ್ಚಿ ಬಳದಾಕಿ ನಾನು. ನೀ ಎಷ್ಟು ದಿನ ಬಂದಿದ್ದಿ ಅಕ್ಕ?"

"ದೊಡ್ಡಮ್ಮ, ಅಮ್ಮ ಹೇಳಿದ್ರಾಗ ತಪ್ಪೇನೈತಿ?" ಎಂದು ಶಶಿರೇಖಾ ಅಡುಗೆಮನೆಯಿಂದ ಅಂದಳು.

"ನೀ ಸುಮ್ನಿರು," ಎಂದ ತಿಪ್ಪೇಸ್ವಾಮಿ.

"ಅಕಿ ಯಾಕ ಸುಮ್ನಿರಬೇಕು?" ನಾಗಲಕ್ಷ್ಮಿಯ ದನಿ ಏರಿತು. "ಭಾವ, ನೇರ ಕೇಳ್ತೀನಿ. ಗದ್ದಿ ಬರಸ್ಕೊಳ್ಳಾಕ ಅಲ್ಲೇನು ಇಷ್ಟೆಲ್ಲ?"

ಪಂಪಣ್ಣನ ಮುಖ ಕಪ್ಪಿಟ್ಟಿತು. ಎದ್ದು ನಿಂತವನು ಮತ್ತೆ ಕೂತ. "ಈ ವಿಚಾರ ನಂದಲ್ಲ. ಅವ್ವಂದು. ಫೋನ್ ಮಾಡಿ, 'ಅಂಥ ಜಾಗ ಐತಂತ, ನೋಡು' ಅಂದ್ಲು. 'ಗದ್ದಿ ಇಷ್ಟು ವರ್ಷ ಬಿಟ್ಟಿ ಉಂಡೀದಿ, ಇನ್ನು ಗುತ್ತಿಗಿ ರೊಕ್ಕ ಕೊಡು. ಇಲ್ಲಾಂದ್ರ ಹಚ್ಚೊಳ್ಳಿ ಊರಿನವರು ಕೇಳಾಕ್ಹತ್ಯಾರ, ಅವರಿಗೆ ಕೊಡ್ತೀನಿ' ಅಂದ್ಲು. ನಾ ಏನು ಖುಷಿಲೆ ಕೊಡ್ತೀನೇನು?"

ತಿಪ್ಪೇಸ್ವಾಮಿ ಬಾಯಿ ತೆರೆದು ಅಣ್ಣನನ್ನೇ ನೋಡಿದ. ದುರ್ಗಾದೇವಿಗೂ ಈ ಸಂಗತಿ ಹೊಸದೆಂದು ಅವಳ ಮುಖ ಹೇಳುತ್ತಿತ್ತು. ನಾಗಲಕ್ಷ್ಮಿ ಎದ್ದು ಬೀದಿಬಾಗಿಲ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಸಾವಂತ್ರಮ್ಮ ಎದ್ದು ಕೂತು ಕಾಯುತ್ತಿದ್ದಳು.

"ನಾ ಏನು ಕಡಿಮಿ ಮಾಡಿದ್ದೆ ಅತ್ತಿ?"

"ಕೂಡು."

"ನಿಂತೇ ಕೇಳ್ತೀನಿ, ಹೇಳ್ರಿ."

"ನೀ ಏನೂ ಕಡಿಮಿ ಮಾಡಿಲ್ಲ. ಈ ಖೋಲಿಯಿಂದ ಬಚ್ಚಲಕ್ಕ ಹೋಗಾಕ ದಾರಿ ಯಾವುದೈತಿ?"

ದಾರಿ ಒಂದೇ. ಪಡಸಾಲೆಯ ನಡುವೆ.

"ಹುಡುಗೂರು ಉಣ್ಣಾಕ ಕುಂತಿರ್ತಾರ. ನಾ ಈ ವಾಕರ್ ಟಕ್ ಟಕ್ ಅನಿಸ್ಕೋಂತ ಅವರ ತಟ್ಟಿ ಮುಂದ ಹೋಗಬೇಕು. ಎಲ್ಲಿಗೆ ಹೊಂಟೀನಿ ಅಂತ ಎಲ್ಲಾರಿಗೂ ಗೊತ್ತು. ಬಚ್ಚಲದಾಗ ನಿನ್ನ ಕರೀಬೇಕು. ನೀ ಕೈಯಾಗಿನ ಹಿಟ್ಟು ಬಿಟ್ಟು ಬರ್ತಿ, ತೊಳದು ಮತ್ತ ಹೋಗಿ ರೊಟ್ಟಿ ಬಡೀತಿ. ಒಂದಿನ ಒಬ್ಬ ಹುಡುಗ ತಟ್ಟಿ ಸರಿಸಿ ಎದ್ದು ಹೋದ. ನೀ ನೋಡಲಿಲ್ಲ, ನಾ ನೋಡಿದೆ. ಅವತ್ತಿಂದ ನೀರು ಕುಡಿಯೋದು ಬಿಟ್ಟೆ."

"ನನಗ ಹೇಳಬೇಕಿತ್ತು."

"ಏನಂತ ಹೇಳ್ಲಿ? ಖಾನಾವಳಿ ಮುಚ್ಚು ಅನ್ಲೇನು? ಇದರ ಮ್ಯಾಲೆ ಮನಿ ನಡದೈತಿ."

ನಾಗಲಕ್ಷ್ಮಿ ಮಂಚದ ಅಂಚಿಗೆ ಕೂತಳು. ಹೇಳಿದರೆ ಅತ್ತೆಗೆ ನೋವಾಗುತ್ತದೆಂದೂ ಹೇಳದಿದ್ದರೆ ಕಂಡದ್ದನ್ನು ಮುಚ್ಚಿಟ್ಟಂತಾಗುತ್ತದೆಂದೂ ಅನ್ನಿಸಿ, ಕೊನೆಗೆ ಅಂದಳು: "ಅಲ್ಲಿ ಗಂಟಿ ಒತ್ತಿದ್ರ ಯಾರೂ ಬರಂಗಿಲ್ಲ ಅತ್ತಿ. ನಾ ಕಣ್ಣಾರೆ ನೋಡೀನಿ. ನಿಮ್ಮನ್ನ ಇಟ್ಕೊಳ್ಳಾಕ ಸುಳ್ಳು ಹೇಳ್ತಾಳ ಅನಬ್ಯಾಡ್ರಿ."

"ಸುಳ್ಳಲ್ಲ ಅಂತ ಗೊತ್ತೈತಿ. ಅವತ್ತು ಆ ಹುಡುಗಿ ಗ್ವಾಡಿ ಹಿಂದ ನಿಂತಿದ್ದು ನನಗೂ ಕಂಡೈತಿ. ಬರಲಿಲ್ಲಂದ್ರ ಬೈತೀನಿ. ನನ್ನ ಗದ್ದಿ ರೊಕ್ಕ. ದೇಶನೂರಾಗ ನಾಟಿಗೆ ಬಂದೋರನ್ನ ಬೈದು ಕೆಲಸ ತಗೊಂಡಾಕಿ ನಾನು. ನಿನ್ನ ಬೈಯಾಕ ಆಗಂಗಿಲ್ಲ. ಬೈದ್ರ ಓಣಿ ನನ್ನ ಬೈತೈತಿ, ನೀ ಎರಡು ದಿನ ಅಳ್ತಿ."

ಹೊರಗೆ ಪಂಪಣ್ಣ, ತಿಪ್ಪೇಸ್ವಾಮಿ ಗದ್ದೆಯ ಗುತ್ತಿಗೆ ಎಷ್ಟಾಗಬೇಕೆಂದು ಆಗಲೇ ದನಿ ಎತ್ತಿದ್ದರು.

"ಇನ್ನೊಂದು," ಎಂದಳು ಸಾವಂತ್ರಮ್ಮ. "ನೀ ರೊಕ್ಕ ಕೇಳಿದ್ದು ನನಗ ಕೇಳಿಸ್ತು. ಅದು ತಪ್ಪಲ್ಲ. ಅವರಿಗೆ ತಪ್ಪು ಅನಿಸೈತಿ, ನನಗ ಅನಿಸಿಲ್ಲ."

ಒಂದು ತಿಂಗಳು ನೋಡೋಣ ಎಂಬ ಮಾತಿನ ಮೇಲೆ ಸಾವಂತ್ರಮ್ಮ ಹೋದಳು. ಡಿಪಾಜಿಟ್ಟು ತಿರುಗಿ ಕೊಡುವುದಾಗಿ ಸಿದ್ದಲಿಂಗೇಶನಿಂದ ಶಶಿರೇಖಾ ಬರೆಸಿಕೊಂಡಳು. ಕಾರು ಓಣಿ ದಾಟುವಾಗ ಮೂಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮರುದಿನ ನಲ್ಲಿಯ ಹತ್ತಿರ ನಾಗಲಕ್ಷ್ಮಿಯೊಡನೆ ಯಾರೂ ಮಾತಾಡಲಿಲ್ಲ. ಅತ್ತೆಯೇ ಕೇಳಿ ಹೋದಳು ಎಂದರೆ ನಂಬುವವರು ಯಾರು? ಅವಳು ಕೊಡ ತುಂಬಿಕೊಂಡು ಬಂದಳು.

ತಿಂಗಳು ತುಂಬುವ ಮೊದಲೇ, ಯಾರಿಗೂ ಹೇಳದೆ, ರೊಟ್ಟಿ ಗಂಟು ಕಟ್ಟಿಕೊಂಡು ಕುರುಗೋಡಿನ ಬಸ್ಸು ಹತ್ತಿದಳು. ಅತ್ತೆ ಸೊರಗಿರುತ್ತಾಳೆ, ಕರೆದುಕೊಂಡೇ ಬರುವುದು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದಳು.

ಊಟದ ಮನೆಯ ಬಾಗಿಲಿಗೆ ಬರುವಾಗಲೇ ದನಿ ಕೇಳಿಸಿತು. ಮೊದಲು ಯಾರದೆಂದು ಗುರುತು ಹತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ಗದ್ದೆಯ ಬದುವಿನಿಂದ ಕೇಳುತ್ತಿದ್ದ ದನಿ ಅದು.

"ಆ ಖೋಲಿ ಗಂಟಿ ಬಡಕೊಳ್ಳಾಕ್ಹತ್ತಿ ಎಷ್ಟೊತ್ತಾತು? ನನಗಲ್ಲ, ಆ ಮುದುಕಿಗೆ. ಹೋಗು ಮೊದಲು, ಆಮ್ಯಾಲೆ ನನಗ ಅನ್ನ ಹಾಕುವಂತಿ."

ನೀಲಿ ಸೀರೆಯ ಆಯಾ ಗೊಣಗುತ್ತ ಹೋದಳು. ಸಾವಂತ್ರಮ್ಮ ಮೇಜಿನ ತುದಿಯಲ್ಲಿ ಕೂತಿದ್ದಳು. ತುಂಬ ತೆಳ್ಳಗಾಗಿದ್ದಳು, ಅದು ನಿಜ. ಸೀರೆಯ ನೆರಿಗೆ ಯಾರೋ ಅವಸರದಲ್ಲಿ ಸಿಕ್ಕಿಸಿದ ಹಾಗಿತ್ತು. ಸೊಸೆಯನ್ನು ನೋಡಿ ಬಾ ಎನ್ನಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಪಕ್ಕದ ಕುರ್ಚಿ ತೋರಿಸಿದಳು.

"ಕೂಡು. ಉಣ್ಣು."

"ನಾ ನಿಮ್ಮನ್ನ ಕರಕೊಂಡು ಹೋಗಾಕ ಬಂದೀನಿ ಅತ್ತಿ."

"ಮೊದಲು ಉಣ್ಣು."

ಬಡಿಸುವವನು ತಡವರಿಸಿದ. "ಹೊರಗಿನವರ ಊಟಕ್ಕ ಬ್ಯಾರೆ ರೊಕ್ಕ ಆಗತೈತಜ್ಜಿ."

"ನನ್ನ ಬಿಲ್ಲಿಗೆ ಹಾಕು. ನನ್ನ ಸೊಸಿ ಅಕಿ. ಬಿಸಿ ಸಾರು ಹಾಕು, ಮ್ಯಾಲಿಂದಲ್ಲ, ತಳದಾಗಿಂದ ಕಲಕಿ ಹಾಕು."

ನಾಗಲಕ್ಷ್ಮಿ ಕೂತಳು. ಊಟದ ಹೊತ್ತಿನಲ್ಲಿ ಕೂತು, ಇನ್ನೊಬ್ಬರು ಬಡಿಸಿದ್ದನ್ನು ಉಂಡು ಎಷ್ಟು ವರ್ಷವಾಗಿತ್ತೋ. ಒಂದು ತುತ್ತು ಬಾಯಿಗಿಟ್ಟಳು. ಸಾವಂತ್ರಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಖರೇ ಹೇಳು. ಹೆಂಗೈತಿ?"

"ಬ್ಯಾಳಿನೇ ಇಲ್ಲ ಅತ್ತಿ ಇದರಾಗ."

"ನಾ ಹೇಳಿದ್ರ, ಮುದುಕಿ ನಾಲಿಗಿ ಸತ್ತೈತಿ ಅಂತಾರ," ಎಂದಳು ಸಾವಂತ್ರಮ್ಮ. ಮೇಜಿಗೆ ಕೈಯೂರಿ, ಯಾರ ಆಸರೆಯೂ ಇಲ್ಲದೆ ನಿಧಾನವಾಗಿ ಎದ್ದಳು. "ಆ ಸಿದ್ದಲಿಂಗೇಶ್ ಆಫೀಸಿನ್ಯಾಗ ಅದಾನ. ತಟ್ಟಿ ಕೈಯಾಗ ಹಿಡ್ಕೊ. ನಡಿ."